ಆಟದ ಹುಚ್ಚು, ಓದಿನ ಹಸಿವು

ಕ್ರಿಕೆಟಿನ ಹುಚ್ಚು ಹಿಡಿದ ತರುಣರು ಪುಸ್ತಕ ಮುಟ್ಟರೆಂಬ ದೂರನ್ನು ಗಡಿನಾಡಿನ ವೇದಿಕೆಗಳಲ್ಲಿ ಕೇಳುತ್ತಲೇ ಇದ್ದೇವೆ. ನಾವಿದನ್ನು ಒಪ್ಪೆವು. ಮಳೆಯಿಂದ ಪಂದ್ಯ ನಿಂತಾಗ ‘ಈಗೇನು ಓದುತ್ತಿದ್ದೀರಿ?’ ಎಂದು ಪರಸ್ಪರ ಕೇಳಿಕೊಳ್ಳುವ ಅಭಿಮಾನಿಗಳು ನಮ್ಮಲ್ಲಿದ್ದಾರೆ. ಅವರು ಹೇಳುವ ಹೆಸರುಗಳು ಮಾತ್ರ ಇಂಗ್ಲಿಷಿನವು. ಧಾರವಾಡದಲ್ಲಿ ಹುಟ್ಟಿ, ಅಸ್ಪೃಶ್ಯತೆಯ ಅವಮಾನವನ್ನುಂಡು, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದ ಪಾಲ್ವಂಕರ್ ಬಾಲೂ ಅವರನ್ನು ಈ ತರುಣರು ಅರಿತದ್ದು ರಾಮಚಂದ್ರ ಗುಹಾ ಅವರ 2002ರ ಇಂಗ್ಲಿಷ್ ಗ್ರಂಥದಿಂದ. ಜರೆಯುವ ಹಿರಿಯರು ತಮ್ಮ ಸಂಘದ ಕಪಾಟನ್ನು ತೆರೆದು ನೋಡಲಿ (ಬೀಗದ ಕೈ ಸಿಕ್ಕಿದರೆ!): ಅಭಿನಂದನ ಗ್ರಂಥಗಳೆಷ್ಟು, ಆಟವನ್ನು ಕುರಿತವೆಷ್ಟು? ಮುಂದಿನ ಸಮ್ಮೇಳನದಲ್ಲಿ ಒಂದು ಗೋಷ್ಠಿಯನ್ನು ಆ ತರುಣರಿಗೇ ಬಿಟ್ಟುಕೊಡಿ. ತಾವು ಓದುತ್ತಿರುವುದನ್ನು ಕನ್ನಡದಲ್ಲಿ ಹೇಳಲಿ, ಹಿರಿಯರು ಕುಳಿತು ಕೇಳಲಿ.