ಗಡಿಯ ಶತ್ರುವಿನ ನೆವ

ಫ್ರಾನ್ಸಿನ ಮಹಾಕ್ರಾಂತಿಯ ಮಾತು ಬಂದಾಗಲೆಲ್ಲ ಒಂದು ಸಮರ್ಥನೆ ತಪ್ಪದೆ ಕೇಳಿಬರುತ್ತದೆ. ಸುತ್ತಲೂ ಶತ್ರುಗಳು, ಒಳಗೆ ದ್ರೋಹಿಗಳು. ಹಸುಗೂಸಿನಂಥ ಗಣರಾಜ್ಯ ಹೇಗಾದರೂ ಉಳಿಯಬೇಕಾಗಿತ್ತು. ಗಿಲೊಟಿನ್ ನಡೆದದ್ದು ಅನಿವಾರ್ಯವಾಗಿ ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಎಷ್ಟು ಮಡಕೆ ಒಡೆದುವೆಂದು ಲೆಕ್ಕ ಹಾಕುವವರುಂಟೆ ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ. ಲೆಕ್ಕ ಹಾಕಲೇಬೇಕೆಂಬುದು ನನ್ನ ವಾದ. ಅದಕ್ಕೆ ದೊಡ್ಡ ಗ್ರಂಥಗಳೇನೂ ಬೇಡ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಸಾಕು.

ಮೊದಲಿಗೆ, ಬೆಂಕಿ ಹಚ್ಚಿದವರಾರು? ಹೊರಗಿನ ದೊರೆಗಳು ಗುಡುಗಿದ್ದು ನಿಜ. ಆದರೆ 1792ರ ಏಪ್ರಿಲ್ 20ರಂದು ಆಸ್ಟ್ರಿಯದ ಮೇಲೆ ಯುದ್ಧ ಸಾರಿದ್ದು ಫ್ರಾನ್ಸೇ. ಯುದ್ಧವಾದರೆ ಅರಮನೆಯ ದ್ರೋಹ ಬಯಲಾಗುತ್ತದೆಂದು ಬ್ರಿಸೋ ಮತ್ತು ಅವನ ಗೆಳೆಯರು ಎಣಿಸಿದರು. ಸೋತರೆ ಹಳೆಯ ಅಧಿಕಾರ ಮರಳೀತೆಂದು ಅರಮನೆಯೂ ಯುದ್ಧವನ್ನೇ ಬಯಸಿತು. ಬೇಡವೆಂದವರು ಬೆರಳೆಣಿಕೆಯವರು. ಅವರಲ್ಲಿ ಮುಖ್ಯನಾದವನು ರೋಬೆಸ್‌ಪಿಯರ್. ಆಯುಧ ಹಿಡಿದು ಬರುವ ಉಪದೇಶಕರನ್ನು ಯಾರೂ ಪ್ರೀತಿಸುವುದಿಲ್ಲವೆಂದು ಅವನು ಆ ವರ್ಷದ ಜನವರಿಯಲ್ಲೇ ಜಾಕೊಬಿನ್ ಸಂಘದಲ್ಲಿ ಎಚ್ಚರಿಸಿದ್ದ. ಅಂದಿನ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಮುಂದಿನ ಮಾತಿಗೆ ಅದು ಅಡ್ಡಿಯಾಗಬಾರದು.

ಬೆಂಕಿ ಬಿದ್ದದ್ದು ಸುಳ್ಳಲ್ಲ. 1793ರ ವಸಂತದಲ್ಲಿ ಗಣರಾಜ್ಯಕ್ಕೆ ಉಸಿರು ಕಟ್ಟಿತ್ತು. ಬ್ರಿಟನ್, ಹಾಲೆಂಡ್, ಸ್ಪೇನ್ ಕೂಡ ಶತ್ರುಗಳ ಸಾಲು ಸೇರಿದ್ದವು. ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಕರೆದಾಗ ವಾಂದೇ ಪ್ರಾಂತದ ರೈತರು ದಂಗೆಯೆದ್ದರು. ಸೇನಾಪತಿ ದ್ಯುಮೂರಿಯೆ ಆಸ್ಟ್ರಿಯನ್ನರ ಕಡೆಗೆ ಓಡಿಹೋದ. ಆಗಸ್ಟ್ ಕೊನೆಗೆ ತೂಲೋನ್ ಬಂದರು ಬ್ರಿಟಿಷರ ವಶವಾಯಿತು. ಆ ತಿಂಗಳುಗಳಲ್ಲಿ ಬಿಗಿಯಾದ ಆಡಳಿತ ಬೇಕಿತ್ತೆಂದರೆ ಒಪ್ಪೋಣ. ಸೈನ್ಯವನ್ನು ಹೊಸದಾಗಿ ಕಟ್ಟಿದ ಕಾರ್ನೋನ ದುಡಿಮೆಯನ್ನು ಹಳಿಯುವ ಮಾತೇ ಇಲ್ಲ. ಸತ್ತವರಲ್ಲಿ ಹೆಚ್ಚಿನವರು ಪ್ಯಾರಿಸಿನವರಲ್ಲ, ದಂಗೆಯೆದ್ದ ಪ್ರಾಂತಗಳವರು ಎಂಬುದನ್ನೂ ಒಪ್ಪೋಣ.

ಆದರೆ ಬೆಂಕಿ ಆರಿದ್ದು ಯಾವಾಗ? ಅಕ್ಟೋಬರ್ 16ರಂದು ವಾತಿನ್ಯಿಯಲ್ಲಿ ಆಸ್ಟ್ರಿಯನ್ನರು ಹಿಮ್ಮೆಟ್ಟಿದರು. ಡಿಸೆಂಬರ್ 19ರಂದು ತೂಲೋನ್ ಮರಳಿ ಕೈಸೇರಿತು. 23ರಂದು ಸಾವನೇಯಲ್ಲಿ ವಾಂದೇಯ ಸೈನ್ಯ ನಾಶವಾಯಿತು. ಇನ್ನಾದರೂ ಮಡಕೆ ಒಡೆಯುವುದು ನಿಲ್ಲಬೇಕಿತ್ತಲ್ಲವೆ? ನಿಲ್ಲಲಿಲ್ಲ. ಸಾವನೇಯಲ್ಲಿ ಗೆದ್ದ ಮುಂದಿನ ತಿಂಗಳೇ ತ್ಯುರೋನ ದಳಗಳು, ಸೋತು ಬಿದ್ದಿದ್ದ ಆ ನಾಡಿನ ಹಳ್ಳಿಗಳನ್ನು ಸುಡಲು ಹೊರಟವು.

ಆ ಚಳಿಗಾಲದಲ್ಲಿ ಸಾಕೆಂದು ಹೇಳಿದವನೊಬ್ಬನಿದ್ದ, ಕಮೀಲ್ ದೆಮೂಲಾ. ಕ್ರಾಂತಿವಿರೋಧಿಯಲ್ಲ, 1789ರ ಜುಲೈನಲ್ಲಿ ಪ್ಯಾರಿಸಿನ ಜನರನ್ನು ಹುರಿದುಂಬಿಸಿದವನೇ ಅವನು. ರೋಬೆಸ್‌ಪಿಯರನ ಸಹಪಾಠಿ, ಅವನ ಮದುವೆಗೆ ರೋಬೆಸ್‌ಪಿಯರ್ ಸಾಕ್ಷಿಯಾಗಿ ನಿಂತಿದ್ದ. ದಯಾ ಸಮಿತಿಯೊಂದು ಬೇಕೆಂದು ಅವನು ತನ್ನ ಪತ್ರಿಕೆಯಲ್ಲಿ ಬರೆದ. ಆ ಸಂಚಿಕೆಗಳನ್ನು ಸುಟ್ಟುಬಿಡೋಣ ಎಂದ ರೋಬೆಸ್‌ಪಿಯರ್. ಸುಡುವುದು ಉತ್ತರವಲ್ಲ ಎಂದ ಕಮೀಲ್. ಅದು ಮೊದಲು ರೂಸೋ ಆಡಿದ ಮಾತು, ರೋಬೆಸ್‌ಪಿಯರನ ಗುರುವಿನದು! ಗುರುವಿನ ಮಾತು ಶಿಷ್ಯನನ್ನು ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. 1794ರ ಏಪ್ರಿಲ್ 5ರಂದು ದಾಂತೋನ್ ಜೊತೆಗೆ ಕಮೀಲನ ತಲೆಯೂ ಉರುಳಿತು. ಎಂಟು ದಿನ ಕಳೆದು ಅವನ ಹೆಂಡತಿ ಲ್ಯುಸೀಲಳದು. ಈ ಹೆಂಗಸಿನಿಂದ ಯಾವ ಗಡಿಗೆ ಅಪಾಯವಿತ್ತೊ, ಸಮರ್ಥಕರು ಹೇಳಬೇಕು.

ಜೂನ್ 10ರಂದು ಹೊಸ ಕಾನೂನು ಬಂತು. ಕೂತೋನ್ ಮಂಡಿಸಿದ, ರೋಬೆಸ್‌ಪಿಯರ್ ಬೆಂಬಲಿಸಿದ. ಆಪಾದಿತನಿಗೆ ವಕೀಲನಿಲ್ಲ, ತೀರ್ಪು ಎರಡೇ, ಬಿಡುಗಡೆ ಅಥವಾ ಸಾವು. ಹದಿನಾರು ದಿನಗಳ ಮೇಲೆ ಫ್ಲೂರುಸ್‌ನಲ್ಲಿ ಫ್ರೆಂಚ್ ಸೈನ್ಯ ದೊಡ್ಡ ಜಯ ಪಡೆದು, ಬೆಲ್ಜಿಯಂನ ದಾರಿ ತೆರೆಯಿತು. ಗಿಲೊಟಿನ್ ನಿಧಾನವಾಯಿತೆ? ಪ್ಯಾರಿಸಿನ ಕ್ರಾಂತಿ ನ್ಯಾಯಮಂಡಲಿ ಮೊದಲ ಹದಿನಾಲ್ಕು ಹದಿನೈದು ತಿಂಗಳಲ್ಲಿ ಸುಮಾರು 1,250 ಜನರನ್ನು ಕೊಲ್ಲಿಸಿತ್ತು. ಈ ಕಾನೂನು ಬಂದ ನಂತರದ ಏಳೇ ವಾರಗಳಲ್ಲಿ ಸುಮಾರು 1,370 ಜನರನ್ನು ಕೊಲ್ಲಿಸಿತು. ಶತ್ರು ದೂರ ಸರಿದಂತೆ ಕತ್ತಿಯ ವೇಗ ಹೆಚ್ಚಿತು. ಯುದ್ಧದ ಅನಿವಾರ್ಯತೆ ಎಂಬ ಮಾತು ಈ ಲೆಕ್ಕದ ಮುಂದೆ ಹೇಗೆ ನಿಂತೀತು? ಆ ಹೊತ್ತಿಗೆ ಕತ್ತಿ ಕಾಯುತ್ತಿದ್ದುದು ಗಣರಾಜ್ಯವನ್ನಲ್ಲ, ಒಂದು ಸಮಿತಿಯ ಕುರ್ಚಿಗಳನ್ನು. ಜುಲೈ 28ರಂದು ಅದು ರೋಬೆಸ್‌ಪಿಯರನನ್ನೂ ಬಿಡಲಿಲ್ಲ.

ಇನ್ನೊಂದು ಸಂಗತಿ ಉಳಿದಿದೆ. 1793ರ ಬೇಸಗೆಯಲ್ಲಿ ಆ ಗಣರಾಜ್ಯ ಒಂದು ಸಂವಿಧಾನ ಬರೆದಿತ್ತು. ಗಂಡಸರಿಗೆಲ್ಲ ಮತ, ಬಡವರಿಗೆ ನೆರವು, ಮಕ್ಕಳಿಗೆ ವಿದ್ಯೆ ಎಂದು ಅದರಲ್ಲಿತ್ತು. ಜನ ಮತ ಕೊಟ್ಟು ಒಪ್ಪಿದರು. ಶಾಂತಿ ಬರುವ ತನಕ ಇರಲಿ ಎಂದು ಅದನ್ನು ದೇವದಾರು ಮರದ ಪೆಟ್ಟಿಗೆಯೊಂದರಲ್ಲಿಟ್ಟರು. 1795ರಲ್ಲಿ ಪ್ರಷ್ಯದೊಡನೆ, ಆಮೇಲೆ ಸ್ಪೇನಿನೊಡನೆ ಶಾಂತಿಯಾಯಿತು. ಅದೇ ವರ್ಷ ಬೇರೊಂದು ಸಂವಿಧಾನ ಬರೆದರು, ಆಸ್ತಿಯಿಲ್ಲದವರ ಕೈಗೆ ಅಧಿಕಾರ ಸಿಗದಂತೆ. ಪೆಟ್ಟಿಗೆಯಲ್ಲಿಟ್ಟದ್ದು ಒಂದು ದಿನವೂ ಜಾರಿಗೆ ಬರಲಿಲ್ಲ.