ವೈರಿಂಗ್ ಕೆಲಸಕ್ಕೆ ಹೋಗುವ ಮೊದಲು ಐಟಿಐಗೆ ಹೋಗಲಿ

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಸೈನ್ಸಾ, ಕಾಮರ್ಸಾ? ಎರಡಕ್ಕೂ ಮನಸ್ಸಿಲ್ಲದ ಹುಡುಗನನ್ನು ಪರಿಚಯದ ಎಲೆಕ್ಟ್ರಿಷಿಯನ್ ಜೊತೆ ಹೆಲ್ಪರ್ ಆಗಿ ಕಳಿಸುತ್ತಾರೆ. "ಕೆಲಸ ಕಲೀಲಿ, ಆಮೇಲೆ ಗಲ್ಫಿಗೆ ಕಳಿಸಿದ್ರಾಯ್ತು" ಎಂಬ ಲೆಕ್ಕ. ಐಟಿಐ ಎಂಬ ಮಾತು ಅಲ್ಲಿ ಬರುವುದೇ ಅಪರೂಪ. ಬಂದರೂ, "ಅದು ಕಲೀಲಿಕ್ಕೆ ಆಗದವರು ಹೋಗುವ ಜಾಗ" ಎಂದು ಮುಗಿಸಿಬಿಡುತ್ತಾರೆ.

ಆ ಮಾತೇ ತಪ್ಪು. ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಲು ವಿಜ್ಞಾನ, ಗಣಿತ ಓದಿ ಎಸೆಸೆಲ್ಸಿ ಪಾಸಾಗಿರಬೇಕು. ಮಂಗಳೂರಿನ ಕದ್ರಿಯಲ್ಲಿರುವಂತಹ ಸರಕಾರಿ ಐಟಿಐಗಳಲ್ಲಿ ಸೀಟು ಕೊಡುವುದು ಅಂಕ ನೋಡಿಯೇ. ಕೋರ್ಸು ಎರಡು ವರ್ಷದ್ದು. ಖಾಸಗಿ ಪಿಯು ಕಾಲೇಜಿನ ಫೀಸಿಗೆ ಹೋಲಿಸಿದರೆ ಸರಕಾರಿ ಐಟಿಐ ಫೀಸು ಏನೂ ಅಲ್ಲ.

ಕೈಕೆಲಸದಲ್ಲಿ ನಮ್ಮ ಹುಡುಗರು ಯಾರಿಗೂ ಕಮ್ಮಿ ಇಲ್ಲ, ಅದನ್ನು ಮೊದಲೇ ಹೇಳಬೇಕು. ಗೋಡೆ ಕೊರೆದು ಪೈಪು ಹಾಕುವುದು, ವಯರ್ ಎಳೆಯುವುದು, ಬೋರ್ಡ್ ಕಟ್ಟುವುದು ಆರು ತಿಂಗಳಲ್ಲಿ ಬಂದುಬಿಡುತ್ತದೆ. ಆದರೆ "ಯಾಕೆ ಹೀಗೆ?" ಅಂತ ಕೇಳಿದರೆ ಉತ್ತರ ಇಲ್ಲ. ಮಳೆಗಾಲದಲ್ಲಿ ಮನೆಯ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ ಎಂದಿಟ್ಟುಕೊಳ್ಳಿ. ಮನೆಯವರಿಗೆ ಕಿರಿಕಿರಿ. ಹುಡುಗ ಬಂದು ಅದನ್ನು ತೆಗೆದು ಲೈನ್ ನೇರ ಕೊಟ್ಟುಬಿಡುತ್ತಾನೆ. ಲೈಟ್ ಉರಿಯಿತು, ಎಲ್ಲರಿಗೂ ಖುಷಿ. ಆದರೆ ಅದು ಬೀಳುತ್ತಿದ್ದದ್ದು ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ ಎಂದು ಹೇಳುವುದಕ್ಕೆ. ಮನೆಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದ್ದು. ಅಷ್ಟು ಸಣ್ಣ ಸೋರಿಕೆಗೇ ಅದು ಲೈನ್ ಕಡಿಯುವುದು ಮನುಷ್ಯನ ಜೀವ ಉಳಿಸಲಿಕ್ಕೆ. ಅದನ್ನು ತೆಗೆದ ಮೇಲೆ ಒದ್ದೆ ಕೈಯಲ್ಲಿ ವಾಷಿಂಗ್ ಮೆಷಿನ್ ಮುಟ್ಟುವ ಉಮ್ಮನಿಗೆ, ಬಾವಿಯ ಪಂಪಿನ ಸ್ವಿಚ್ ಹಾಕುವ ಮಗುವಿಗೆ ಯಾರು ಕಾವಲು? ಶಾಕ್ ಹೊಡೆದು ಸತ್ತ ಸುದ್ದಿ ಪತ್ರಿಕೆಯಲ್ಲಿ ಬಾರದ ಮಳೆಗಾಲ ಉಂಟಾ? ಸಾಯುವವರಲ್ಲಿ ಕೆಲಸಕ್ಕೆ ಹೋದ ಹುಡುಗರೂ ಇರುತ್ತಾರೆ.

ಆ ಸೋರಿಕೆ ಎಲ್ಲಿ ಎಂದು ಮೆಗ್ಗರ್ ಹಿಡಿದು ಹುಡುಕುವುದು, ಅರ್ತಿಂಗ್ ಸರಿ ಉಂಟಾ ಎಂದು ಅಳೆಯುವುದು, ಲೋಡ್ ಲೆಕ್ಕ ಹಾಕಿ ಕೇಬಲ್ ಆರಿಸುವುದು, ಮೋಟರ್ ವೈಂಡಿಂಗ್, ಸ್ಟಾರ್ಟರ್, ಡ್ರಾಯಿಂಗ್ ಓದುವುದು - ಇದೆಲ್ಲ ಐಟಿಐಯ ಪಾಠ. ಇನ್ನೊಬ್ಬರ ಹಿಂದೆ ಏಣಿ ಹೊತ್ತುಕೊಂಡು ನಡೆದರೆ ಇದು ಬರುವುದಿಲ್ಲ. ಕಲಿಸುವವನಿಗೇ ಗೊತ್ತಿಲ್ಲದಿದ್ದರೆ ಬರುವುದೆಲ್ಲಿಂದ?

ಇನ್ನು ದುಡ್ಡಿನ ಮಾತು. (ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎನ್ನುತ್ತಾರೆ. ಲೆಕ್ಕ ನಮಗೆ ಹೇಳಿಕೊಡಬೇಕಾಗಿಲ್ಲ.) ಹೊಸ ಮನೆಗೆ ಮೆಸ್ಕಾಂ ಸಂಪರ್ಕ ಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಬೇಕು. ಬಿಸಿಲಲ್ಲಿ ನಿಂತು ಇಡೀ ಮನೆಯ ವೈರಿಂಗ್ ಮಾಡಿದ ನಮ್ಮ ಹುಡುಗನ ಹತ್ತಿರ ಕಾಗದ ಇಲ್ಲ. ಸಹಿ ಹಾಕುವವನು ಬೇರೆ, ಅದರ ದುಡ್ಡೂ ಅವನಿಗೇ. ಗಲ್ಫಿನಲ್ಲೂ ಅದೇ ಕಥೆ. ಮೊದಲಾದರೆ ಯಾರದ್ದೋ ಪರಿಚಯದಲ್ಲಿ ವೀಸಾ ಸಿಕ್ಕಿ, ಅಲ್ಲಿಗೆ ಹೋಗಿ ಕಲಿತು ಮೇಲೆ ಬಂದವರು ಬೇಕಾದಷ್ಟು ಮಂದಿ. ಈಗ ಸೌದಿಯವರು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೋಗುವವರಿಗೆ ಇಲ್ಲಿ ಭಾರತದಲ್ಲೇ ಕೌಶಲ ಪರೀಕ್ಷೆ ಮಾಡುತ್ತಾರೆ. ಅದು ದಾಟದವನಿಗೆ ಉಳಿಯುವುದು ಹೆಲ್ಪರ್ ಕೆಲಸ, ಹೆಲ್ಪರ್ ಸಂಬಳ.

ಊರಲ್ಲೇ ಇರುತ್ತೇನೆ ಎನ್ನುವವನಿಗೂ ದಾರಿ ಉಂಟು. ಐಟಿಐ ಮುಗಿಸಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ಆಗಬಹುದು. ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಲೂ ಅವಕಾಶ ಇದೆ. ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೆ ಅರ್ಜಿ ಹಾಕಲು ಈ ಸರ್ಟಿಫಿಕೇಟ್ ಸಾಕು. ನಮ್ಮಲ್ಲಿ ಎಷ್ಟು ಮಂದಿ ಹಾಕಿದ್ದಾರೆ?

ಒಂದು ಎಚ್ಚರಿಕೆ. ಬೋರ್ಡ್ ಹಾಕಿಕೊಂಡ ಎಲ್ಲ ಸಂಸ್ಥೆಯೂ ಒಂದೇ ಅಲ್ಲ. ಖಾಸಗಿ ಐಟಿಐಗೆ ಸೇರಿಸುವವರು ಎಲೆಕ್ಟ್ರಿಷಿಯನ್ ಟ್ರೇಡಿಗೆ ಡಿಜಿಟಿ ಮಾನ್ಯತೆ ಉಂಟಾ ಎಂದು ಕೇಳಿ, ವರ್ಕ್‌ಶಾಪಿಗೆ ಹೋಗಿ ಮೋಟರ್, ಮೀಟರ್‌ಗಳನ್ನು ಕಣ್ಣಾರೆ ನೋಡಿ, ಆಮೇಲೆ ಫೀಸು ಕಟ್ಟಿ. ಮೂರು ತಿಂಗಳಲ್ಲಿ ಎಲೆಕ್ಟ್ರಿಷಿಯನ್ ಮಾಡಿಕೊಡುತ್ತೇವೆ ಎನ್ನುವವರ ಸರ್ಟಿಫಿಕೇಟನ್ನು ಐಟಿಐ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಶೇ. 95 ಅಂಕ ತೆಗೆದವರಿಗೆ ಶಾಲು, ಸ್ಮರಣಿಕೆ ಕೊಡುತ್ತೀರಿ, ಸಂತೋಷ. 55 ತೆಗೆದ ಹುಡುಗನ ಮನೆಗೆ ಅದೇ ವಾರ ಹೋಗಿ ಐಟಿಐ ಅರ್ಜಿ ತುಂಬಿಸಿಕೊಡಿ, ಎರಡು ವರ್ಷದ ಬಸ್ ಖರ್ಚು, ಟೂಲ್ ಕಿಟ್ ನೋಡಿಕೊಳ್ಳಿ. ಎರಡು ವರ್ಷ ಅವನ ದಿನಗೂಲಿ ಬಾರದಿದ್ದರೆ ಒಲೆ ಉರಿಯದ ಮನೆಗಳೂ ನಮ್ಮಲ್ಲಿ ಉಂಟು, ಅಲ್ಲಿ ಬರೇ ಬುದ್ಧಿಮಾತು ಸಾಲದು. ಹಾಗೆಯೇ ಮಸೀದಿ, ಮದ್ರಸದ ವೈರಿಂಗ್ ಕೆಲಸ ಕೊಡುವಾಗ "ನಮ್ಮ ಹುಡುಗನೇ ಅಲ್ವಾ" ಎಂದು ಬಿಡದೆ, ಪರ್ಮಿಟ್ ಉಂಟಾ ಎಂದು ಕೇಳಿ. ಇಲ್ಲ ಎಂದಾದರೆ ಕೆಲಸವನ್ನು ಪರ್ಮಿಟ್ ಇದ್ದವರಿಗೆ ಕೊಡಿ, ಹುಡುಗನನ್ನು ಈ ವರ್ಷವೇ ಐಟಿಐಗೆ ಸೇರಿಸಿ.