ಹಳೆಯ ರೇಸ್ ಸೈಕಲ್ಲಿಗೆ ಅದರದೇ ಬಿಡಿಭಾಗ

ಆದಿತ್ಯನಗರ, ಸೇಡಂ, ವಾಡಿ, ಶಹಾಬಾದ್, ಸಿಮೆಂಟು ಮತ್ತು ಕಲ್ಲುಗಣಿಗಳ ಈ ಸೀಮೆಯಲ್ಲಿ ಸೈಕಲ್ ರಿಪೇರಿ ಬಲ್ಲ ಯಾರನ್ನಾದರೂ ಕೇಳಿ. ಎಡಗಡೆಯ ಪೆಡಲು ಬಿಚ್ಚುವಾಗ ಪಾನಾವನ್ನು ಉಲ್ಟಾ ತಿರುಗಿಸಬೇಕೆಂದು ಹೇಳುತ್ತಾರೆ. ಅದಕ್ಕಿರುವುದು ಎಡ ತಿರುಪು. ಬಲ ತಿರುಪಿದ್ದರೆ ತುಳಿಯುತ್ತ ತುಳಿಯುತ್ತ ಪೆಡಲು ತಾನೇ ಸಡಿಲವಾಗಿ ಕಳಚಿಬೀಳುತ್ತಿತ್ತು. ಇಷ್ಟು ತಿಳಿದ ವಿದ್ಯಾರ್ಥಿಗೆ ಹಳೆಯ ರೇಸ್ ಸೈಕಲ್ಲಿನ ಅರ್ಧ ಗುಟ್ಟು ತಿಳಿದಂತೆಯೇ.

ಟ್ರ್ಯಾಕಿನ ಮೇಲೆ ಓಡುವ ಪಂದ್ಯದ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಫ್ರೀವೀಲೂ ಇರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳಿಗೆ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಸೈಕ್ಲಿಂಗಿನ ತವರು ಅದೇ. ಅಲ್ಲಿ ಹಿಂದಿನ ಚಕ್ರ ತಿರುಗಿದಷ್ಟೂ ಪೆಡಲು ತಿರುಗುತ್ತದೆ. ವೇಗ ತಗ್ಗಿಸಲು ಸವಾರ ಕಾಲನ್ನು ಹಿಂದಕ್ಕೆ ಒತ್ತಬೇಕು. ಹಾಗೆ ಒತ್ತಿದಾಗ ಹಿಂದಿನ ಹಲ್ಲುಚಕ್ರ ಬಿಚ್ಚಿಕೊಳ್ಳಬಾರದಲ್ಲವೆ? ಅದಕ್ಕಾಗಿ ಅದರ ಹೊರಗೆ ಎಡ ತಿರುಪಿನ ಒಂದು ಬಳೆ ಬಿಗಿದಿರುತ್ತದೆ. ಹಲ್ಲುಚಕ್ರ ಸಡಿಲವಾಗಲು ಹೊರಟರೆ ಬಳೆ ಇನ್ನಷ್ಟು ಬಿಗಿಯಾಗುತ್ತದೆ. ಇದರ ಬದಲು ಕೈಗೆ ಸಿಕ್ಕ ಬಲ ತಿರುಪಿನ ಬಳೆ ಹಾಕಿ 'ರಿಪೇರಿ' ಮಾಡಿದರೆ ಅಪಾಯ ಖಚಿತ.

ಇಂಥ ಸೈಕಲ್ಲುಗಳನ್ನೂ, ಗಡಿಯಾರದ ವಿರುದ್ಧ ಒಬ್ಬನೇ ಓಡುವ ಟೈಮ್ ಟ್ರಯಲ್ ಸೈಕಲ್ಲುಗಳನ್ನೂ ಅವುಗಳ ಕಾಲದ ಅಸಲಿ ಭಾಗಗಳಿಂದಲೇ ಮತ್ತೆ ಕಟ್ಟುವ ಹವ್ಯಾಸಿಗಳು ಜಗತ್ತಿನಲ್ಲಿ ಬಹಳ ಮಂದಿ. ಒಂದು ಬಳೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹೊಸ ಭಾಗ ಹಾಕಿದರೆ ಓಡುವುದಿಲ್ಲವೆ? ಓಡುತ್ತದೆ. ಹಾಗಿದ್ದರೂ ಈ ಹಟವೇಕೆ?

ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದರು. ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟ ಆ ಸೈಕಲ್ಲಿನ ತೂಕ ಆರು ಕಿಲೋಗೂ ಕಡಿಮೆ. ತೂಕ ಇಳಿಸಲು ಚೈನಿಗೂ ತೂತು ಕೊರೆದಿದ್ದರು! ಮುಂದೆ 52 ಹಲ್ಲು, ಹಿಂದೆ 14. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದಿಟ್ಟುಕೊಂಡರೆ ಪೆಡಲು ಒಂದು ಸುತ್ತು ಬಂದಾಗ ಸೈಕಲ್ಲು 7.8 ಮೀಟರ್ ಸಾಗುತ್ತದೆ. ಅಂದಮೇಲೆ ನಿಮಿಷಕ್ಕೆ ಎಷ್ಟು ಸುತ್ತು? ಲೆಕ್ಕ ಮಾಡಿ, ನೂರೈದರ ಆಸುಪಾಸು ಬರುತ್ತದೆ, ಅದೂ ಒಂದು ಗಂಟೆ ಬಿಡುವಿಲ್ಲದೆ.

ಆಮೇಲೆ ಡಿಸ್ಕ್ ಚಕ್ರ ಬಂತು, ಗಾಳಿ ಸೀಳುವ ಹೆಲ್ಮೆಟ್ ಬಂತು, ಕೈಗಳನ್ನು ಮುಂದಕ್ಕೆ ಚಾಚಿ ಮಲಗಿದಂತೆ ಓಡಿಸುವ ಭಂಗಿ ಬಂತು. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಮ್ಯಾಂಚೆಸ್ಟರಿನ ಟ್ರ್ಯಾಕಿನಲ್ಲಿ ಗಂಟೆಗೆ 56.375 ಕಿಲೋಮೀಟರ್ ಓಡಿಸಿದರು. ಇದು ಮನುಷ್ಯನ ಸಾಧನೆಯೊ ಯಂತ್ರದ್ದೊ ಎಂಬ ಚರ್ಚೆ ಎದ್ದಿತು. ಕೊನೆಗೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಮರ್ಕ್ಸ್ ಕಾಲದ ಬಗೆಯ ಸೈಕಲ್ಲಿನಲ್ಲೇ ದಾಖಲೆ ಮಾಡಬೇಕೆಂದು ವಿಧಿಸಿತು. 2000ದ ಅಕ್ಟೋಬರಿನಲ್ಲಿ ಅದೇ ಬೋರ್ಡ್‌ಮನ್ ಅದೇ ಮ್ಯಾಂಚೆಸ್ಟರಿನಲ್ಲಿ ಸಾಧಾರಣ ಕಡ್ಡಿಗಳ ಚಕ್ರ, ಬಾಗಿದ ಹ್ಯಾಂಡಲ್ ಇದ್ದ ಸೈಕಲ್ ಹತ್ತಿದರು. ಬಂದದ್ದು 49.441 ಕಿಲೋಮೀಟರ್. ಮರ್ಕ್ಸ್‌ಗಿಂತ ಹತ್ತು ಮೀಟರ್ ಹೆಚ್ಚು, ಅಷ್ಟೆ! ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿಯ ತೆಳುಗಾಳಿ ಮರ್ಕ್ಸ್‌ಗೆ ನೆರವಾಯಿತು ಎಂಬುದನ್ನೂ ಹೇಳಬೇಕು. ಬೋರ್ಡ್‌ಮನ್‌ಗೆ ನಾಲ್ಕು ವರ್ಷ ವಯಸ್ಸೂ ಏರಿತ್ತು. ಆದರೂ ಒಬ್ಬನೇ ಸವಾರ ಕಳೆದುಕೊಂಡ ಸುಮಾರು ಏಳು ಕಿಲೋಮೀಟರಿನಲ್ಲಿ ಬಹುಪಾಲು ಸೈಕಲ್ಲು ಮತ್ತು ಭಂಗಿಯದು. ಹಳೆಯ ಸೈಕಲ್ಲಿಗೆ ಹೊಸ ಚಕ್ರ ತೊಡಿಸಿದರೆ ಈ ಲೆಕ್ಕವೇ ಅಳಿಸಿಹೋಗುತ್ತದೆ. ಅಂದಿನ ಸವಾರ ಎಷ್ಟು ದುಡಿದ ಎಂಬುದಕ್ಕೆ ಆ ಭಾಗಗಳೇ ಸಾಕ್ಷಿ.

ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಥ್ರೆಡ್ಡಿನಲ್ಲಿ. ಪೆಡಲಿನ ಅಚ್ಚು ಕೂರುವ ಕೊಳವೆಗೆ ಬ್ರಿಟಿಷ್ ಅಳತೆ 1.370 ಇಂಚು, ಇಂಚಿಗೆ 24 ಗೆರೆ. ಬಲಬದಿಗೆ ಎಡ ತಿರುಪು. ಇಟಲಿಯದು 36 ಮಿಲಿಮೀಟರ್, ಎರಡೂ ಬದಿಗೆ ಬಲ ತಿರುಪು. ವ್ಯಾಸದ ವ್ಯತ್ಯಾಸ ಒಂದೂಕಾಲು ಮಿಲಿಮೀಟರಿನಷ್ಟೂ ಇಲ್ಲ. ಕಣ್ಣಿಗೆ ಕಾಣದ ಈ ಅಂತರವನ್ನು ಲೆಕ್ಕಿಸದೆ ಟ್ಯಾಪ್ ಹಾಕಿ ಬ್ರಿಟಿಷ್ ಕೊಳವೆಯನ್ನು ಇಟಲಿಯ ಅಳತೆಗೆ ಕೊರೆದರೆ ಹೋದ ಉಕ್ಕು ಮತ್ತೆ ಬರುವುದಿಲ್ಲ. ಬಣ್ಣ ಕೆಟ್ಟರೆ ಮತ್ತೆ ಬಳಿಯಬಹುದು. ಇದು ಹಾಗಲ್ಲ.

ಫ್ರೇಮಿನ ಮೇಲೆ 'ರೆನಾಲ್ಡ್ಸ್ 531' ಎಂಬ ಚೀಟಿ ಇದ್ದರೆ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. 1935ರಲ್ಲಿ ಬಂದ ಆ ಉಕ್ಕಿನ ಕೊಳವೆ ತುದಿಯಲ್ಲಿ ದಪ್ಪ, ನಡುವೆ ತೆಳು. ಅತಿಯಾದ ಶಾಖಕ್ಕೆ ಬಲ ಕಳೆದುಕೊಳ್ಳುತ್ತದೆ. ಅಂದಹಾಗೆ, ರೆನಾಲ್ಡ್ಸ್ ಸೇರಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯೇ ಮುರುಗಪ್ಪ ಸಮೂಹದ ಜೊತೆಗೂಡಿ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಆರಂಭಿಸಿತು. ನಿಮ್ಮ ಮನೆಯ ಹರ್ಕ್ಯುಲಿಸ್ ಒಂದು ಬಗೆಯಲ್ಲಿ ಅದರ ದಾಯಾದಿ.

ಚೈನಿನ ವಿಷಯದಲ್ಲಿ ಮಾತ್ರ ನಮ್ಮವರು ಅದೃಷ್ಟವಂತರು. ಸಾಧಾರಣ ಕರಿ ಸೈಕಲ್ಲಿನ ಅರ್ಧ ಇಂಚು ಅಂತರದ, ಎಂಟನೇ ಒಂದು ಇಂಚು ಅಗಲದ ಚೈನೇ ಬಹುತೇಕ ಟ್ರ್ಯಾಕ್ ಸೈಕಲ್ಲುಗಳಿಗೂ ಅಳತೆ. ಬಹಳ ಹಳೆಯವುಗಳಲ್ಲಿ ಹಲ್ಲುಗಳು ದೂರದೂರ ಇರುತ್ತವೆ. ಅವು ಒಂದು ಇಂಚಿನ ಚೈನಿನವು. ಅಂಥ ಹಲ್ಲುಚಕ್ರವನ್ನು ಹಳೆಯ ಕಬ್ಬಿಣವೆಂದು ಎಸೆಯಬಾರದು.

ಪಾಲಕರಿಗೆ ಇದು ಖರ್ಚಿನ ಹುಚ್ಚು ಎನಿಸಬಹುದು. ಅಸಲಿ ಭಾಗಗಳ ಬೆಲೆ ಹೆಚ್ಚೆಂಬುದು ನಿಜ. ಆದರೆ ಮೊದಲ ಕೆಲಸಕ್ಕೆ ಬಿಡಿಗಾಸೂ ಬೇಡ. ಮನೆಯಲ್ಲೊ ನೆಂಟರಲ್ಲೊ ಹಳೆಯ ರೇಸ್ ಸೈಕಲ್ಲಿದ್ದರೆ ಬಿಚ್ಚುವ ಮೊದಲು ಎಲ್ಲ ಬದಿಯಿಂದ ಫೋಟೊ ತೆಗೆದುಕೊಳ್ಳಿ. ಕೆಳಗಿನ ಕೊಳವೆಯಡಿ ಒತ್ತಿರುವ ಅಂಕಿ, ಹಲ್ಲುಗಳ ಸಂಖ್ಯೆ, ನಟ್ಟುಗಳ ಮೇಲಿನ ಹೆಸರು, ಎಲ್ಲವನ್ನೂ ಬರೆದಿಡಿ. ಸಿಮೆಂಟಿನ ದೂಳು ಕೂತಿದ್ದರೆ ನೀರು ಸೋಕಿಸಬೇಡಿ, ಗಟ್ಟಿಯಾಗುತ್ತದೆ; ಒಣ ಬ್ರಷ್ಷಿನಿಂದ ಉದುರಿಸಿ. ತಿಕ್ಕಿ ತಿಕ್ಕಿ ಹೊಳಪು ತರುವ ಆಸೆಯೂ ಬೇಡ. ತುಸು ಹಳದಿ ಛಾಯೆಯ ಲೇಪನ ನಿಕಲ್ ಆಗಿದ್ದೀತು. ಅದರ ಮೇಲೆ ಕ್ರೋಮ್ ಹಾಕಿಸಿದರೆ ಸೈಕಲ್ಲಿನ ವಯಸ್ಸಿನ ಒಂದು ಗುರುತು ಹೋಯಿತು.

ಮುಂದಿನ ಫೋರ್ಕಿನಲ್ಲಿ ಯಾರೋ ಕೊರೆದ ಬ್ರೇಕಿನ ತೂತಿದ್ದರೆ ಆತುರದಿಂದ ಮುಚ್ಚಬೇಡಿ. ಒಂದು ಕಾಲದಲ್ಲಿ ಬ್ರಿಟನ್ನಿನ ಸವಾರರು ಟ್ರ್ಯಾಕ್ ಬಗೆಯ ಸೈಕಲ್ಲಿಗೇ ಬ್ರೇಕ್ ಕಟ್ಟಿ ರಸ್ತೆಯ ಟೈಮ್ ಟ್ರಯಲ್ಲಿಗೆ ಹೋಗುತ್ತಿದ್ದರು. ಆ ತೂತೂ ಚರಿತ್ರೆಯ ಭಾಗವಿರಬಹುದು. ತೂತಿಲ್ಲದಿದ್ದರೆ ಹೊಸದಾಗಿ ಕೊರೆಯುವ ಅಗತ್ಯವೂ ಇಲ್ಲ. ಫೋರ್ಕಿಗೆ ಪಟ್ಟಿಯಿಂದ ಬಿಗಿಯುವ ಬ್ರೇಕ್‌ಗಳಿವೆ. ಪಟ್ಟಿಯಡಿ ತೆಳುವಾದ ಚರ್ಮದ ತುಂಡಿಟ್ಟರೆ ಬಣ್ಣವೂ ಉಳಿಯುತ್ತದೆ. ಆ ಬ್ರೇಕ್ ಇಲ್ಲದೆ ಮಾತ್ರ, ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಗೆ ಮಕ್ಕಳನ್ನು ಈ ಸೈಕಲ್ಲಿನ ಮೇಲೆ ಕಳಿಸಲೇಬಾರದು.